ಮಾರಿದ್ದು ಎರಡು ಕೆಜಿ, ಎತ್ತಿದ್ದು ನೂರಿಪ್ಪತ್ತು ಕೆಜಿ

ಬೇಸಿಗೆಯಲ್ಲಿ ನಮ್ಮ ಮನೆಗಳ ಗಂಡಸರು ಹಾಕಿಕೊಂಡು ಓಡಾಡುವ ತೋಳಿಲ್ಲದ ಬನಿಯನ್ ಇದೆಯಲ್ಲ, ಅದಕ್ಕೆ ಸ್ಯಾಂಡೋ ಬನಿಯನ್ ಅಂತ ಹೆಸರು. ಅಂಗಡಿಯಲ್ಲಿ ಕೇಳುವಾಗ ಅದೊಬ್ಬ ಮನುಷ್ಯನ ಹೆಸರು ಅಂತ ಹೆಚ್ಚಿನವರಿಗೆ ಹೊಳೆಯೋದಿಲ್ಲ. ಆ ಮನುಷ್ಯ ಯೂಜೆನ್ ಸ್ಯಾಂಡೋ. 1925ರ ಅಕ್ಟೋಬರ್ 14ರಂದು ಲಂಡನ್ನಿನಲ್ಲಿ ತೀರಿಕೊಂಡ. ಸತ್ತು ನೂರು ವರ್ಷ ದಾಟಿದರೂ ದೇಹದಾರ್ಢ್ಯ ಲೋಕ ಆತನನ್ನು ಬಿಟ್ಟಿಲ್ಲ. ಮಿಸ್ಟರ್ ಒಲಿಂಪಿಯಾ ಗೆದ್ದವರ ಕೈಗೆ ಕೊಡುವ ಪ್ರತಿಮೆ ಇವತ್ತಿಗೂ ಆತನದ್ದೇ.

ಸೋಮವಾರ ಸಂಜೆ ಬೆಂಗಳೂರಿನ ಯಾವುದಾದರೂ ಜಿಮ್‌ಗೆ ಹೋಗಿ ನೋಡಿ. ಬೆಂಚುಗಳೆಲ್ಲ ಭರ್ತಿ. ಸೋಮವಾರ ಅಂದರೆ ಚೆಸ್ಟ್ ಡೇ, ಇದು ಯಾರೂ ಬರೆದಿಡದ ಕಾನೂನು. ಅಲ್ಲಿ ಎರಡು ಪಕ್ಷ. ಒಂದು ಪಕ್ಷದ ಪ್ರಕಾರ ಬಾರ್‌ಬೆಲ್, ಅಂದರೆ ಜಿಮ್ ಭಾಷೆಯ ರಾಡ್, ಎತ್ತದೆ ಎದೆ ಬೆಳೆಯೋದೇ ಇಲ್ಲ. ಇನ್ನೊಂದು ಪಕ್ಷಕ್ಕೆ ರಾಡ್ ಅಂದರೆ ಭುಜ ಕೆಡಿಸುವ ಕಬ್ಬಿಣ, ಡಂಬಲ್ಸೇ ಸರಿ. ರೀಲ್ಸ್ ಮಾಡುವವರು ಎರಡೂ ಕಡೆ ನಿಂತು ದುಡಿಯುತ್ತಾರೆ. ಇವತ್ತು ಡಂಬಲ್ ಪ್ರೆಸ್ ಬಿಡಿ ಅಂದವರೇ ಮುಂದಿನ ವಾರ ರಾಡ್ ಪ್ರೆಸ್ ಬಿಡಿ ಅಂತಾರೆ.

ಹಗುರ ಡಂಬಲ್ಲೋ ಭಾರದ ಬಾರ್‌ಬೆಲ್ಲೋ ಅನ್ನುವ ಈ ಜಗಳಕ್ಕೆ ನೂರಕ್ಕೂ ಹೆಚ್ಚು ವರ್ಷ ವಯಸ್ಸಾಗಿದೆ. ಅದರ ನಟ್ಟನಡುವೆ ಇದ್ದವನು ಸ್ಯಾಂಡೋ. ಆತನ ಬದುಕನ್ನು ಸರಿಯಾಗಿ ಗಮನಿಸಿದರೆ ಯಾವುದನ್ನು ಆರಿಸಿಕೊಳ್ಳಬೇಕು ಅನ್ನೋದರ ಜೊತೆಗೆ, ಒಳ್ಳೆಯ ಮೈ ಇರುವವರ ಮಾತನ್ನು ಎಷ್ಟು ನಂಬಬೇಕು ಅನ್ನೋದೂ ಗೊತ್ತಾಗುತ್ತೆ.

ಸರ್ಕಸ್ಸಿಗೆ ಹೋದ ಹುಡುಗ

1867ರ ಏಪ್ರಿಲ್ 2ರಂದು ಪ್ರಷ್ಯಾದ ಕೋನಿಗ್ಸ್‌ಬರ್ಗ್‌ನಲ್ಲಿ ಹುಟ್ಟಿದಾಗ ಆತನ ಹೆಸರು ಫ್ರೆಡರಿಕ್ ವಿಲ್ಹೆಲ್ಮ್ ಮುಲ್ಲರ್. ಆ ಊರು ಈಗ ರಷ್ಯಾಕ್ಕೆ ಸೇರಿದೆ, ಹೆಸರು ಕಲಿನಿನ್‌ಗ್ರಾಡ್. ಸೈನ್ಯದ ಕಡ್ಡಾಯ ಚಾಕರಿಯಿಂದ ತಪ್ಪಿಸಿಕೊಳ್ಳಲು ಹದಿನೆಂಟರ ಹರೆಯದಲ್ಲಿ ಊರು ಬಿಟ್ಟು ಸರ್ಕಸ್ ಸೇರಿದ. ಹೊಸ ಕೆಲಸಕ್ಕೆ ಹೊಸ ಹೆಸರು ಇಟ್ಟುಕೊಂಡ.

ತನ್ನ ಬಾಲ್ಯದ ಬಗ್ಗೆ ಆತ ಮುಂದೆ ಒಂದು ಕತೆ ಹೇಳುತ್ತಿದ್ದ. ತಾನು ಬಡಕಲು ಹುಡುಗನಾಗಿದ್ದೆ, ಅಪ್ಪನ ಜೊತೆ ಇಟಲಿಗೆ ಹೋದಾಗ ಪ್ರಾಚೀನ ವೀರರ ಅಮೃತಶಿಲೆಯ ಪ್ರತಿಮೆಗಳನ್ನು ಕಂಡೆ, ಅವರಂತೆ ಆಗಬೇಕು ಅಂತ ಅಲ್ಲೇ ನಿಶ್ಚಯಿಸಿದೆ ಅನ್ನುವ ಕತೆ. ಅದರಲ್ಲಿ ಎಷ್ಟು ನಿಜವೋ, ವ್ಯಾಪಾರಕ್ಕಂತೂ ಬಹಳ ಚೆನ್ನಾಗಿ ಒದಗಿತು. ಇವತ್ತು ಜಿಮ್ ಜಾಹೀರಾತುಗಳಲ್ಲಿ ಬರುವ ಬಿಫೋರ್-ಆಫ್ಟರ್ ಫೋಟೋಗಳಿಗೆ ಈ ಕತೆಯನ್ನೇ ಅಜ್ಜ ಅನ್ನಬಹುದು.

ಆತನನ್ನು ನಿಜಕ್ಕೂ ತಯಾರು ಮಾಡಿದ್ದು ಪ್ರತಿಮೆಗಳಲ್ಲ, ಒಬ್ಬ ಗುರು. ಲುಡ್ವಿಗ್ ಡರ್ಲಾಕರ್ ಅಂತ ಹೆಸರು, ವೇದಿಕೆಯ ಮೇಲೆ ಪ್ರೊಫೆಸರ್ ಅಟಿಲಾ. ಬ್ರಸೆಲ್ಸ್‌ನಲ್ಲಿ ವ್ಯಾಯಾಮಶಾಲೆ ಇಟ್ಟುಕೊಂಡಿದ್ದರು. ಆ ಕಾಲದ ಯುರೋಪಿನ ಶಾಲೆ, ಕ್ಲಬ್ಬುಗಳಲ್ಲಿ ಹಗುರವಾದ ಡಂಬಲ್ ಹಿಡಿದು ಸಾಲಾಗಿ ನಿಂತು ಕವಾಯತು ಮಾಡುವ ಪದ್ಧತಿ ಇತ್ತು. ಭಾರ ಎತ್ತಿದರೆ ಸ್ನಾಯು ಗಟ್ಟಿಯಾಗಿ ಮೈ ಬಗ್ಗೋದೇ ಇಲ್ಲ ಅನ್ನುವ ಭಯವೂ ಇತ್ತು. ಅಟಿಲಾ ಅದಕ್ಕೆ ಕಿವಿಗೊಡಲಿಲ್ಲ. ಶಿಷ್ಯನ ಕೈಗೆ ಭಾರದ ಡಂಬಲ್ ಕೊಟ್ಟರು, ಭಾರದ ಬಾರ್‌ಬೆಲ್ ಕೊಟ್ಟರು. ಸ್ಯಾಂಡೋ ಮೈ ತುಂಬಿಕೊಂಡಿದ್ದು ಅಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಲಂಡನ್ನಿನ ಒಂದು ರಾತ್ರಿ

1889ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿದ್ದ ರಾಯಲ್ ಅಕ್ವೇರಿಯಂ ಎಂಬ ಮನರಂಜನಾ ಮಂದಿರದಲ್ಲಿ ಚಾರ್ಲ್ಸ್ ಸ್ಯಾಂಪ್ಸನ್ ಅನ್ನುವ ಬಲಶಾಲಿ ಮೆರೆಯುತ್ತಿದ್ದ. ಜೊತೆಗೆ ಸೈಕ್ಲಾಪ್ಸ್ ಅನ್ನುವ ಶಿಷ್ಯ. ನಮ್ಮನ್ನು ಸೋಲಿಸಿದವರಿಗೆ ದೊಡ್ಡ ಬಹುಮಾನ ಅಂತ ದಿನಾ ಸಾರುತ್ತಿದ್ದರು. ಅಕ್ಟೋಬರ್ ಕೊನೆಯಲ್ಲಿ ಒಂದು ರಾತ್ರಿ ಪ್ರೇಕ್ಷಕರ ನಡುವಿನಿಂದ, ಸಂಜೆಯ ಕೂಟಕ್ಕೆ ಬಂದವನಂತೆ ಸೂಟು ತೊಟ್ಟ ಯುವಕನೊಬ್ಬ ವೇದಿಕೆ ಹತ್ತಿದ. ಜನ ನಕ್ಕರು. ಕೋಟು ಬಿಚ್ಚಿದ ಮೇಲೆ ನಗು ನಿಂತಿತು. ಮೊದಲು ಶಿಷ್ಯ ಸೋತ. ನವೆಂಬರ್ 2ರಂದು ಗುರುವೂ ಸೋತ. ತೀರ್ಪು ಹೇಳಲು ಕೂತವರಲ್ಲಿ ಬಾಕ್ಸಿಂಗ್ ನಿಯಮಗಳಿಗೆ ಹೆಸರು ಕೊಟ್ಟ ಕ್ವೀನ್ಸ್‌ಬೆರಿಯ ಮಾರ್ಕ್ವಿಸ್ ಕೂಡ ಇದ್ದರು. ಮಾರನೆಯ ದಿನದಿಂದ ಸ್ಯಾಂಡೋ ಲಂಡನ್ನಿನ ಮನೆಮಾತು.

ಹಾಗಂತ ಆತನನ್ನು ಸೋಲಿಸುವವರೇ ಇರಲಿಲ್ಲ ಅಂತೇನಲ್ಲ. ಮರುವರ್ಷದ ಡಿಸೆಂಬರ್‌ನಲ್ಲೇ ಮೆಕ್ಯಾನ್ ಸೋದರರ ಜೊತೆಗಿನ ಸ್ಪರ್ಧೆಯಲ್ಲಿ ತೀರ್ಪು ಆತನ ವಿರುದ್ಧ ಬಂತು. 1898ರಲ್ಲಿ ಶೆಫೀಲ್ಡ್‌ನಲ್ಲಿ ಆರ್ಥರ್ ಸ್ಯಾಕ್ಸನ್ ತಂಡದ ಜೊತೆ ನಡೆದ ಜಟಾಪಟಿ ಕೋರ್ಟಿನವರೆಗೂ ಹೋಯಿತು. ಬರೀ ಬಲದ ಲೆಕ್ಕದಲ್ಲಿ ಆತನನ್ನು ಮೀರಿಸಿದವರು ಆ ಕಾಲದಲ್ಲೇ ಇದ್ದರು. ಆದರೆ ಆತನಷ್ಟು ಚೆಂದದ ಮೈ ಯಾರದ್ದೂ ಅಲ್ಲ ಅನ್ನೋದನ್ನು ಎದುರಾಳಿಗಳೂ ಒಪ್ಪುವ ಹಾಗಿತ್ತು.

ಆತ ಎತ್ತುತ್ತಿದ್ದದ್ದೇನು? 1891ರಲ್ಲಿ ಒಂದೇ ಕೈಯಲ್ಲಿ 269 ಪೌಂಡ್, ಅಂದರೆ 122 ಕೆಜಿ ಎತ್ತಿದ ದಾಖಲೆ ಆತನ ಹೆಸರಲ್ಲಿದೆ. ಅದು ಬೆಂಟ್ ಪ್ರೆಸ್ ಅನ್ನುವ ಪಟ್ಟು. ಭಾರವನ್ನು ಭುಜದ ಹತ್ತಿರ ತಂದು, ಕೈಯಿಂದ ತಳ್ಳುವ ಬದಲು ಮೈಯನ್ನೇ ಅದರ ಕೆಳಗೆ ಬಗ್ಗಿಸಿ, ಕೈ ನೆಟ್ಟಗಾದ ಮೇಲೆ ಎದ್ದು ನಿಲ್ಲೋದು. ವೇದಿಕೆಯ ಮೇಲೆ ಇನ್ನೊಂದು ಆಟ ಇತ್ತು. ಎರಡು ತುದಿಗೆ ದೊಡ್ಡ ಗೋಳಗಳಿದ್ದ ಸರಳನ್ನು ತಲೆಯ ಮೇಲೆತ್ತಿ ಕೆಳಗಿಟ್ಟರೆ, ಗೋಳಗಳ ಒಳಗಿಂದ ಒಬ್ಬೊಬ್ಬ ಮನುಷ್ಯ ಎದ್ದು ಬರುತ್ತಿದ್ದ. ಎದೆಯ ಸುತ್ತ ಬಿಗಿದ ಸರಪಳಿಯನ್ನು ಉಸಿರು ತುಂಬಿ ಹರಿಯೋದೂ ಇತ್ತು. ಇಷ್ಟರಲ್ಲಿ ಎಲ್ಲೂ ಎರಡು ಕೆಜಿ ಡಂಬಲ್ ಇಲ್ಲ.

ಮೈಯೇ ಸರಕಾದಾಗ

1893ರಲ್ಲಿ ಅಮೆರಿಕಕ್ಕೆ ಹೋದ. ಷಿಕಾಗೋದಲ್ಲಿ ವಿಶ್ವ ಪ್ರದರ್ಶನ ನಡೆಯುತ್ತಿದ್ದ ವರ್ಷ. ಮುಂದೆ ಬ್ರಾಡ್‌ವೇಯಲ್ಲಿ ದೊಡ್ಡ ಹೆಸರಾದ ಫ್ಲೋರೆನ್ಸ್ ಝೀಗ್‌ಫೆಲ್ಡ್ ಆಗಿನ್ನೂ ಇಪ್ಪತ್ತರ ಹರೆಯದ ಹುಡುಗ. ತನ್ನ ತಂದೆಯ ಥಿಯೇಟರಿಗೆ ಸ್ಯಾಂಡೋನನ್ನು ಕರೆಸಿದ. ಜನ ಭಾರ ಎತ್ತೋದಕ್ಕಿಂತ ಭಾರ ಎತ್ತುವ ಮೈಯನ್ನು ನೋಡಲು ಬರ್ತಿದ್ದಾರೆ ಅನ್ನೋದು ಝೀಗ್‌ಫೆಲ್ಡ್‌ಗೆ ಬೇಗ ಅರ್ಥವಾಯಿತು. ಧರ್ಮಕಾರ್ಯಕ್ಕೆ ಹಣ ಕೊಟ್ಟ ಶ್ರೀಮಂತ ಮಹಿಳೆಯರು ವೇದಿಕೆಯ ಹಿಂದೆ ಬಂದು ಆತನ ತೋಳು, ಎದೆ ಮುಟ್ಟಿ ನೋಡುವ ಏರ್ಪಾಡು ಆಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಿಂಹದ ಜೊತೆ ಕುಸ್ತಿ ಅಂತ ಪ್ರಚಾರ ಮಾಡಿದರು. ಸಿಂಹದ ಬಾಯಿಗೆ ಕುಕ್ಕೆ ಹಾಕಿತ್ತು, ಪಂಜಗಳಿಗೆ ಚೀಲ ಕಟ್ಟಿತ್ತು. ಪಾಪ, ಅದು ಸುಮ್ಮನೆ ನಿಂತಿತು.

1894ರ ಮಾರ್ಚ್ 6ರಂದು ಎಡಿಸನ್ ಕಂಪನಿಯ ನ್ಯೂಜೆರ್ಸಿ ಸ್ಟುಡಿಯೋದಲ್ಲಿ ಆತನ ಚಿತ್ರೀಕರಣವಾಯಿತು. ಸಿನಿಮಾ ಅನ್ನೋದು ಇನ್ನೂ ಕಣ್ಣು ಬಿಡುತ್ತಿದ್ದ ಕಾಲ. ಒಂದು ನಿಮಿಷವೂ ಇಲ್ಲದ ಆ ತುಣುಕು ಇವತ್ತೂ ನೋಡಲು ಸಿಗುತ್ತೆ. ಅದರಲ್ಲಿ ಡಂಬಲ್ ಇಲ್ಲ, ಬಾರ್‌ಬೆಲ್ ಇಲ್ಲ. ಒಬ್ಬ ಮನುಷ್ಯ ತಿರುಗಿ, ಬಾಗಿ, ಸ್ನಾಯು ಬಿಗಿದು ತೋರಿಸುತ್ತಾನೆ, ಅಷ್ಟೆ. ಸರಕು ಸಿದ್ಧವಾಗಿತ್ತು. ಅದನ್ನು ಮನೆಮನೆಗೆ ತಲುಪಿಸುವ ಪ್ಯಾಕೆಟ್ ಒಂದು ಬೇಕಿತ್ತು.

ಅಂಚೆಯಲ್ಲಿ ಬಂದ ಡಂಬಲ್

1897ರಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿ ಸ್ಯಾಂಡೋ ತನ್ನ ವ್ಯಾಯಾಮ ಸಂಸ್ಥೆ ತೆರೆದ. ಗರಡಿಯ ಬೆವರು, ಮಣ್ಣು ಯಾವುದೂ ಇಲ್ಲ. ರತ್ನಗಂಬಳಿ ಹಾಸಿದ, ಸಾಹೇಬರು ಬರುವಂಥ ಜಾಗ. ಅದೇ ವರ್ಷ ಆತನ ಪುಸ್ತಕ ಬಂತು. ಮರುವರ್ಷ ಪತ್ರಿಕೆ ಶುರುವಾಯಿತು. ದೂರದಲ್ಲಿದ್ದವರು ತಮ್ಮ ಎದೆ, ತೋಳು, ಸೊಂಟದ ಅಳತೆ ಬರೆದು ಕಳಿಸಿದರೆ ಅಂಚೆಯಲ್ಲಿ ಪಾಠ ಬರುತ್ತಿತ್ತು. ಜೊತೆಗೆ ಡಂಬಲ್.

ಆ ಡಂಬಲ್ಲಿನ ತೂಕ ಎರಡು ಕೆಜಿ ಆಸುಪಾಸು. ಅದರಲ್ಲೂ ಹೆಸರಾಗಿದ್ದು ಸ್ಪ್ರಿಂಗ್ ಡಂಬಲ್. ಹಿಡಿಯನ್ನು ಉದ್ದಕ್ಕೆ ಎರಡು ಭಾಗ ಮಾಡಿ ನಡುವೆ ಸ್ಪ್ರಿಂಗ್ ಇಟ್ಟಿದ್ದರು. ವ್ಯಾಯಾಮ ಮಾಡುವಷ್ಟು ಹೊತ್ತೂ ಆ ಎರಡು ಭಾಗಗಳನ್ನು ಅದುಮಿ ಹಿಡಿಯಬೇಕು. ಹಾಗೆ ಮಾಡಿದರೆ ಮನಸ್ಸು ಸ್ನಾಯುವಿನ ಮೇಲೆ ನಿಲ್ಲುತ್ತೆ, ಮನಸ್ಸು ನಿಂತರೆ ಸ್ನಾಯು ಬೆಳೆಯುತ್ತೆ ಅನ್ನೋದು ಆತನ ವಾದ.

ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ್ದಕ್ಕೆ ಒಂದು ಚಟ ಅಂಟಿಕೊಂಡಿದೆ. ಯಾವ ಯಂತ್ರ ಕಂಡರೂ ಬಲ ಯಾವ ದಿಕ್ಕಿಗೆ ಹೋಗ್ತಿದೆ ಅಂತ ನೋಡೋದು. ಸ್ಪ್ರಿಂಗಿನ ಬಲ ಇರೋದು ಬೆರಳು ಮತ್ತು ಅಂಗೈ ನಡುವೆ. ಕೈಯನ್ನು ಮುಂದಕ್ಕೆ ತಳ್ಳುವ ದಿಕ್ಕಿನಲ್ಲಿ ಅದರ ಪಾಲು ಸೊನ್ನೆ. ಹಾಗಾಗಿ ಸ್ಪ್ರಿಂಗ್ ಎಷ್ಟೇ ಗಟ್ಟಿ ಇದ್ದರೂ ದಣಿಯೋದು ಮುಂಗೈ. ಎದೆಯ ಸ್ನಾಯುವಿಗೆ ಸಿಗೋದು ಅದೇ ಎರಡು ಕೆಜಿ. ಜೀವನದಲ್ಲಿ ವ್ಯಾಯಾಮವನ್ನೇ ಮಾಡದ ಗುಮಾಸ್ತನಿಗೆ ಮೊದಲ ಕೆಲವು ವಾರ ಇದರಿಂದ ಉಪಯೋಗ ಆಗುತ್ತೆ, ಅನುಮಾನ ಬೇಡ. ಆಮೇಲೆ ದೇಹ ಅದಕ್ಕೆ ಹೊಂದಿಕೊಂಡು ಸುಮ್ಮನಾಗುತ್ತೆ. ಹಗುರ ಭಾರದಿಂದಲೂ ಸ್ನಾಯು ಬೆಳೆಯುತ್ತೆ ಅಂತ ಈಚಿನ ಸಂಶೋಧನೆಗಳು ತೋರಿಸಿರೋದು ಹೌದು. ಆದರೆ ಅಲ್ಲಿ ಹಗುರ ಅಂದರೆ ನಿಮ್ಮ ಗರಿಷ್ಠ ಶಕ್ತಿಯ ಶೇ. 30ರಷ್ಟು, ಅದನ್ನೂ ಇನ್ನು ಆಗೋದೇ ಇಲ್ಲ ಅನ್ನುವವರೆಗೆ ಎತ್ತಬೇಕು. ಎರಡು ಕೆಜಿ ಆ ಲೆಕ್ಕಕ್ಕೇ ಬರೋದಿಲ್ಲ.

ಹಾಗಾದರೆ ಸ್ಯಾಂಡೋ ಮೋಸಗಾರನಾ? ಅಷ್ಟು ಸುಲಭವಾಗಿ ಹೇಳೋಕಾಗಲ್ಲ. ಅಂಚೆಯಲ್ಲಿ ಐವತ್ತು ಕೆಜಿ ಕಬ್ಬಿಣ ಕಳಿಸೋಕಾಗಲ್ಲ. ಬಾಡಿಗೆ ಕೋಣೆಯಲ್ಲಿ ಮಂಚದ ಕೆಳಗೆ ಅದು ಹಿಡಿಸೋದೂ ಇಲ್ಲ. ಕೂತು ಕೂತು ಬೆನ್ನು ಬಾಗಿದ ನಗರದ ಜನ ದಿನಕ್ಕೆ ಹದಿನೈದು ನಿಮಿಷ ಕೈಕಾಲು ಆಡಿಸುವಂತೆ ಮಾಡಿದ್ದು ಆ ಪುಟ್ಟ ಡಂಬಲ್. ಅದು ಸಣ್ಣ ಸಾಧನೆ ಅಲ್ಲ. ತಕರಾರು ಇರೋದು ಒಂದೇ ಕಡೆ. ಜಾಹೀರಾತಿನಲ್ಲಿ ಡಂಬಲ್ಲಿನ ಪಕ್ಕ ಇದ್ದದ್ದು ಸ್ಯಾಂಡೋನ ಎದೆ. ಆ ಎದೆಯನ್ನು ಕಟ್ಟಿದ್ದು ಆ ಡಂಬಲ್ ಅಲ್ಲ, ಬ್ರಸೆಲ್ಸ್‌ನ ಭಾರದ ಕಬ್ಬಿಣ.

1901ರ ಸೆಪ್ಟೆಂಬರ್ 14ರಂದು ಈ ವ್ಯಾಪಾರ ತನ್ನ ಶಿಖರ ಮುಟ್ಟಿತು. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ಯಾಂಡೋ ಏರ್ಪಡಿಸಿದ ದೇಹದಾರ್ಢ್ಯ ಸ್ಪರ್ಧೆಯಲ್ಲಿ, ಕೌಂಟಿ ಮಟ್ಟದಲ್ಲಿ ಆಯ್ಕೆಯಾಗಿ ಬಂದ ಸುಮಾರು 60 ಜನ ಸಾಲಾಗಿ ನಿಂತರು. ಶಿಲ್ಪಿ ಚಾರ್ಲ್ಸ್ ಲಾಸ್ ಮತ್ತು ಶೆರ್ಲಾಕ್ ಹೋಮ್ಸ್ ಬರೆದ ಆರ್ಥರ್ ಕಾನನ್ ಡಾಯ್ಲ್ ತೀರ್ಪುಗಾರರು. ಅತಿ ದೊಡ್ಡ ಸ್ನಾಯು ಇದ್ದವನಿಗಲ್ಲ, ಮೈಯೆಲ್ಲ ಹದವಾಗಿ ಬೆಳೆದವನಿಗೆ ಬಹುಮಾನ ಅನ್ನೋದು ನಿಯಮ. ನಾಟಿಂಗ್‌ಹ್ಯಾಮ್‌ನ ವಿಲಿಯಂ ಮರ್ರೆ ಗೆದ್ದ. ಸಿಕ್ಕಿದ ಬಹುಮಾನ ಸ್ಯಾಂಡೋನ ಚಿನ್ನದ ಬಣ್ಣದ ಪುಟ್ಟ ಪ್ರತಿಮೆ. ಗೆದ್ದವನು ಮನೆಗೆ ಒಯ್ದದ್ದೂ ಸ್ಯಾಂಡೋನನ್ನೇ.

ಇನ್ನೊಂದು ಪಕ್ಷ

ಷಿಕಾಗೋದಲ್ಲಿ 1893ರಲ್ಲಿ ಸ್ಯಾಂಡೋನನ್ನು ಬೆರಗಿನಿಂದ ನೋಡಿದವರಲ್ಲಿ ಅಲನ್ ಕ್ಯಾಲ್ವರ್ಟ್ ಅನ್ನುವ ಹದಿಹರೆಯದ ಹುಡುಗ ಇದ್ದ. ಅಂಥ ಮೈ ಬೇಕು ಅನ್ನಿಸಿತು, ಹಗುರ ಡಂಬಲ್ಲಿನಿಂದ ಅದು ಬರೋದಿಲ್ಲ ಅಂತಲೂ ಗೊತ್ತಾಯಿತು. 1902ರಲ್ಲಿ ಫಿಲಡೆಲ್ಫಿಯಾದಲ್ಲಿ ಆತ ಮೈಲೋ ಬಾರ್‌ಬೆಲ್ ಕಂಪನಿ ಶುರು ಮಾಡಿದ. ಪ್ರಾಚೀನ ಗ್ರೀಸಿನ ಮೈಲೋ ಅನ್ನುವ ಜಟ್ಟಿ ಒಂದು ಕರುವನ್ನು ದಿನಾ ಹೆಗಲ ಮೇಲೆ ಹೊರುತ್ತಿದ್ದನಂತೆ. ಕರು ಬೆಳೆದು ಹೋರಿಯಾಗುವ ಹೊತ್ತಿಗೆ ಹೋರಿಯನ್ನೇ ಹೊರುವ ಶಕ್ತಿ ಬಂದಿತ್ತಂತೆ. ಕ್ಯಾಲ್ವರ್ಟ್ ಮಾರಿದ ಬಾರ್‌ಬೆಲ್ ಈ ಕತೆಯ ಕಬ್ಬಿಣದ ರೂಪ. ಅದರ ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಬಹುದಿತ್ತು. ಸ್ಯಾಂಡೋನ ಡಂಬಲ್ಲಿಗೆ ಇಲ್ಲದೇ ಇದ್ದ ಗುಣ ಇದೇ.

ಎದೆಯ ಪ್ರೆಸ್ಸಿನ ಇತಿಹಾಸದಲ್ಲಿ ಇನ್ನೊಂದು ಹೆಸರು ಜಾರ್ಜ್ ಹ್ಯಾಕನ್‌ಸ್ಮಿಟ್. ಈಗಿನ ಎಸ್ಟೋನಿಯಾದಲ್ಲಿ ಹುಟ್ಟಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತಯಾರಾದ ಕುಸ್ತಿಪಟು. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಆತ ನೆಲದ ಮೇಲೆ ಅಂಗಾತ ಮಲಗಿ 361 ಪೌಂಡ್, ಅಂದರೆ ಸುಮಾರು 164 ಕೆಜಿ ಬಾರ್‌ಬೆಲ್ಲನ್ನು ಎದೆಯಿಂದ ಮೇಲಕ್ಕೆ ತಳ್ಳಿದ. 1916ರವರೆಗೆ ಅದನ್ನು ಮೀರಿಸಿದವರಿಲ್ಲ. ಆಗ ಬೆಂಚ್ ಇರಲಿಲ್ಲ, ರಾಡ್ ಇಡಲು ಸ್ಟ್ಯಾಂಡ್ ಇರಲಿಲ್ಲ. ದೊಡ್ಡ ಚಕ್ರಗಳ ರಾಡನ್ನು ತಲೆಯ ಮೇಲಿಂದ ಉರುಳಿಸಿ ಎದೆಗೆ ತಂದುಕೊಳ್ಳಬೇಕಿತ್ತು. ಇವತ್ತು ನಾವು ಮಾಡುವ ಬೆಂಚ್ ಪ್ರೆಸ್ ಅದರ ಮೊಮ್ಮಗ.

ಈಗ ನಿಮ್ಮ ಸೋಮವಾರಕ್ಕೆ ಬರೋಣ

ಬೆಂಚಿನ ಮೇಲೆ ಮಲಗಿದ್ದೀರಿ. ರಾಡ್ ಹಿಡಿದರೆ ಎರಡು ಕೈಗಳೂ ಒಂದೇ ಕಬ್ಬಿಣಕ್ಕೆ ಕಟ್ಟುಬಿದ್ದಿರುತ್ತವೆ. ಕೈಗಳ ನಡುವಿನ ಅಂತರ ಬದಲಾಗೋದಿಲ್ಲ. ಮೇಲಕ್ಕೆ ತಳ್ಳುವಾಗ ಅಂಗೈ ರಾಡನ್ನು ಹೊರಕ್ಕೂ ಎಳೆಯುತ್ತಿರುತ್ತೆ, ಅದು ಮೊಣಕೈ ನೆಟ್ಟಗೆ ಮಾಡುವ ಸ್ನಾಯುವಿಗೆ, ಅಂದರೆ ಟ್ರೈಸೆಪ್ಸ್‌ಗೆ ಕೆಲಸ ಕೊಡುತ್ತೆ. ಡಂಬಲ್ಲಿನಲ್ಲಿ ಹೊರಕ್ಕೆ ತಳ್ಳಿದರೆ ಡಂಬಲ್ಲೇ ಹೊರಕ್ಕೆ ಹೋಗಿಬಿಡುತ್ತೆ. ಭಾರವನ್ನು ನೇರ ಕೈ ಮೇಲೇ ನಿಲ್ಲಿಸಿಕೊಳ್ಳಬೇಕು. ಹಾಗಾಗಿ ಟ್ರೈಸೆಪ್ಸ್ ಕೆಲಸ ಕಡಿಮೆ, ಅಲುಗಾಡದಂತೆ ಹಿಡಿಯುವ ಸ್ನಾಯುಗಳ ಕೆಲಸ ಜಾಸ್ತಿ.

2011ರಲ್ಲಿ ನಾರ್ವೆಯ ಸಂಶೋಧಕರು ವ್ಯಾಯಾಮದ ಅಭ್ಯಾಸವಿದ್ದ 12 ಗಂಡಸರ ಮೇಲೆ ಇದನ್ನೇ ಪರೀಕ್ಷಿಸಿದರು. ಡಂಬಲ್ಸ್‌ನಲ್ಲಿ ಎತ್ತಿದ ಒಟ್ಟು ಭಾರ ರಾಡ್‌ನಲ್ಲಿ ಎತ್ತಿದ್ದಕ್ಕಿಂತ ಶೇ. 17 ಕಡಿಮೆ. ರಾಡ್‌ನಲ್ಲಿ 80 ಕೆಜಿ ಎತ್ತುವವರು ಕೈಗೊಂದು 33 ಕೆಜಿ ಡಂಬಲ್ ಎತ್ತುತ್ತಾರೆ ಅಂದುಕೊಳ್ಳಿ. ಟ್ರೈಸೆಪ್ಸ್ ಚಟುವಟಿಕೆ ಡಂಬಲ್ಸ್‌ನಲ್ಲಿ ಕಡಿಮೆ ಇತ್ತು. ಆದರೆ ಎದೆಯ ಸ್ನಾಯುವಿನ ಚಟುವಟಿಕೆಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಭಾರ ಕಡಿಮೆ, ಎದೆಗೆ ಕೆಲಸ ಅಷ್ಟೇ. ಎರಡು ಪಕ್ಷಗಳ ಜಗಳದ ಗಾಳಿ ಇಲ್ಲೇ ಅರ್ಧ ಇಳಿಯುತ್ತೆ.

ಉಳಿದರ್ಧಕ್ಕೆ ಲೆಕ್ಕ ಸಾಕು. ಹೆಚ್ಚಿನ ಜಿಮ್‌ಗಳಲ್ಲಿ ಡಂಬಲ್ಸ್ ಎರಡೂವರೆ ಕೆಜಿ ಅಂತರದಲ್ಲಿರುತ್ತವೆ. ಕೈಗೆ 10 ಕೆಜಿ ಎತ್ತುತ್ತಿದ್ದವರು 12.5ಕ್ಕೆ ಹೋದರೆ ಒಂದೇ ಸಲಕ್ಕೆ ಶೇ. 25 ಜಿಗಿತ. ರಾಡ್‌ನಲ್ಲಿ ಎರಡೂ ಕಡೆ 1.25 ಕೆಜಿಯ ಪುಟ್ಟ ಪ್ಲೇಟ್ ಹಾಕಬಹುದು. 40 ಇದ್ದದ್ದು 42.5 ಆಗುತ್ತೆ, ಶೇ. 6ರ ಆಸುಪಾಸು. ಕರು ಹೋರಿಯಾಗುವ ಹಾಗೆ ನಿಧಾನ ಏರಿಸಲು ರಾಡ್‌ನಷ್ಟು ಅನುಕೂಲ ಡಂಬಲ್‌ನಲ್ಲಿ ಇಲ್ಲ. ಶಕ್ತಿ ಬೇಕು, ಇವತ್ತು ಎಷ್ಟು, ಮುಂದಿನ ತಿಂಗಳು ಎಷ್ಟು ಅಂತ ಬರೆದಿಡಬೇಕು ಅನ್ನುವವರಿಗೆ ರಾಡ್ ಸರಿ.

ಡಂಬಲ್ ಗೆಲ್ಲೋದು ಬೇರೆ ಕಡೆ. ರಾಡ್ ಎದೆಗೆ ತಾಗಿದ ಕೂಡಲೇ ನಿಲ್ಲುತ್ತೆ, ಡಂಬಲ್ ಇನ್ನೂ ಸ್ವಲ್ಪ ಕೆಳಗಿಳಿದು ಎದೆಯನ್ನು ಹಿಗ್ಗಿಸುತ್ತೆ. ಮಣಿಕಟ್ಟನ್ನು ಬೇಕಾದ ಕೋನಕ್ಕೆ ತಿರುಗಿಸಿಕೊಳ್ಳಬಹುದು. ರಾಡ್ ಹಿಡಿದಾಗ ಭುಜ ನೋಯುವವರಲ್ಲಿ ಎಷ್ಟೋ ಜನ ಅಂಗೈಗಳನ್ನು ಒಂದಕ್ಕೊಂದು ಎದುರಾಗಿ ಇಟ್ಟು ಡಂಬಲ್ ತಳ್ಳಿದರೆ ಆರಾಮಾಗಿರ್ತಾರೆ. ಎಡಗೈ ಸೋಮಾರಿಯಾಗಿದ್ದರೆ ರಾಡ್‌ನಲ್ಲಿ ಬಲಗೈ ಅದನ್ನು ಮುಚ್ಚಿಹಾಕುತ್ತೆ, ಡಂಬಲ್ ಮೊದಲ ಸೆಟ್ಟಿನಲ್ಲೇ ಬಯಲು ಮಾಡುತ್ತೆ.

ಎಲ್ಲಕ್ಕಿಂತ ದೊಡ್ಡ ಮಾತು ಜೀವದ್ದು. ಡಂಬಲ್ ಎತ್ತೋಕೆ ಆಗದಿದ್ದರೆ ಪಕ್ಕಕ್ಕೆ ಇಳಿಸಬಹುದು. ರಾಡ್ ಎತ್ತೋಕೆ ಆಗದಿದ್ದರೆ ಅದು ಎದೆಯ ಮೇಲೆ, ದುರದೃಷ್ಟವಿದ್ದರೆ ಕತ್ತಿನ ಮೇಲೆ ಕೂರುತ್ತೆ. ಒಬ್ಬರೇ ಇದ್ದಾಗ, ಪಕ್ಕದಲ್ಲಿ ಸೇಫ್ಟಿ ಕಂಬಿ ಇಲ್ಲದ ಬೆಂಚಿನಲ್ಲಿ, ಭಾರದ ರಾಡ್ ಪ್ರೆಸ್ ಬೇಡವೇ ಬೇಡ. ಹಿಡಿಯುವಾಗ ಹೆಬ್ಬೆರಳು ರಾಡನ್ನು ಸುತ್ತಿರಲಿ. ಇದರಲ್ಲಿ ಪಕ್ಷ ಇಲ್ಲ.

ಇಲ್ಲಿಗೂ ಬಂದಿದ್ದ

ಸ್ಯಾಂಡೋ 1904-05ರಲ್ಲಿ ಭಾರತಕ್ಕೆ ಬಂದಿದ್ದ. ಕಲ್ಕತ್ತ, ಮುಂಬೈನಂಥ ನಗರಗಳಲ್ಲಿ ಜನ ಕಿಕ್ಕಿರಿದು ನೋಡಿದರು. ಎದೆಯ ವ್ಯಾಯಾಮ ಭಾರತಕ್ಕೆ ಹೊಸದೇನಲ್ಲ. ನಮ್ಮ ಗರಡಿಮನೆಗಳಲ್ಲಿ ಪೈಲ್ವಾನರು ದಂಡ ಹೊಡೆಯುತ್ತಲೇ ಇದ್ದರು. ಅಲ್ಲಿ ಭಾರ ಅಂದರೆ ಅವರ ಮೈಯೇ. ಡಂಬಲ್ಲೂ ಬೇಡ, ರಾಡೂ ಬೇಡ. ಆದರೆ ಸಾಹೇಬರ ದೇಶದಿಂದ ಬಂದ ಮೈಕಟ್ಟಿನ ವಿದ್ಯೆ ವಸಾಹತಿನ ಯುವಕರಿಗೆ ಬೇರೆಯೇ ಅರ್ಥ ಕೊಟ್ಟಿತು. ನಿಮ್ಮ ಜನ ದುರ್ಬಲರು ಅನ್ನುವ ಬ್ರಿಟಿಷರ ಮಾತಿಗೆ ಮೈಯಲ್ಲೇ ಉತ್ತರ ಕೊಡಬಹುದು ಅನ್ನಿಸಿತು.

ಬೆಂಗಳೂರಿನಲ್ಲಿ ಆ ಉತ್ತರ ಕೊಟ್ಟವರು ಕೆ.ವಿ. ಅಯ್ಯರ್. ಶಾಂತಲಾ, ರೂಪದರ್ಶಿ ಕಾದಂಬರಿಗಳ ಲೇಖಕರಾಗಿ ಕನ್ನಡಿಗರಿಗೆ ಗೊತ್ತಿರುವ ಅದೇ ಅಯ್ಯರ್. ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸಿದರು, ಸ್ಯಾಂಡೋನಂತೆ ಅಂಚೆಯ ಮೂಲಕವೂ ಪಾಠ ಹೇಳಿದರು, ಜೆ.ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆ ಕಟ್ಟಿದರು. ಅವರು ಮಾಡಿದ ಒಂದು ಕೆಲಸ ನಮ್ಮ ಜಗಳಕ್ಕೆ ನೇರ ಸಂಬಂಧಪಟ್ಟದ್ದು. ಪಶ್ಚಿಮದ ಕಬ್ಬಿಣವನ್ನೂ ನಮ್ಮ ಸೂರ್ಯನಮಸ್ಕಾರ, ಆಸನಗಳನ್ನೂ ಒಂದೇ ಸೂರಿನಡಿ ತಂದರು. ಯಾವುದನ್ನೂ ಧರ್ಮ ಮಾಡಲಿಲ್ಲ. ಕೆಲಸಕ್ಕೆ ಬರುವುದನ್ನು ಬಳಸಿದರು.

ಸಮಾಧಿಗೆ ಹೆಸರಿಲ್ಲ

ವಾಪಸ್ ಹೋದ ಮೇಲೆ ಸ್ಯಾಂಡೋನ ವ್ಯಾಪಾರ ಇನ್ನೂ ಹರಡಿತು. ಆರೋಗ್ಯಕ್ಕೆ ಅಂತ ಕೋಕೋ ಪುಡಿ ಮಾರಿದ, ಹೆಂಗಸರಿಗೆ ಅಂತ ನಡುಕಟ್ಟು ಮಾರಿದ. ಇವತ್ತಿನ ಪ್ರೋಟೀನ್ ಡಬ್ಬಿಯ ಮೇಲಿನ ಫೋಟೋಗಳಿಗೆ ಆ ಕೋಕೋ ಡಬ್ಬಿಯೇ ದಾರಿ. 1911ರಲ್ಲಿ ದೊರೆ ಐದನೇ ಜಾರ್ಜ್ ತನ್ನ ವ್ಯಾಯಾಮ ಗುರುವಿನ ಬಿರುದು ಕೊಟ್ಟ. ಮೂರು ವರ್ಷಕ್ಕೆ ಮಹಾಯುದ್ಧ ಬಂತು. ಜರ್ಮನ್ ನೆಲದಲ್ಲಿ ಹುಟ್ಟಿದ ಮನುಷ್ಯನ ಹೆಸರು ಹೊತ್ತ ಸರಕಿಗೆ ಇಂಗ್ಲೆಂಡಿನಲ್ಲಿ ಅದು ಒಳ್ಳೆಯ ಕಾಲವಾಗಿರಲಿಲ್ಲ. ಕೋಕೋ ಕಂಪನಿ ಮುಳುಗಿತು.

1925ರಲ್ಲಿ ಸಾಯುವಾಗ ವಯಸ್ಸು 58. ಗುಂಡಿಗೆ ಬಿದ್ದ ಕಾರನ್ನು ಒಬ್ಬನೇ ಎತ್ತಿದ್ದಕ್ಕೆ ರಕ್ತನಾಳ ಒಡೆಯಿತು ಅನ್ನುವ ಕತೆ ಹುಟ್ಟಿಕೊಂಡು ಇವತ್ತಿಗೂ ಓಡಾಡುತ್ತಿದೆ. ಬಲಶಾಲಿಯ ಸಾವಿಗೂ ಜನಕ್ಕೆ ಒಂದು ಭಾರ ಬೇಕಲ್ಲ. ಹೆಂಡತಿ ಬ್ಲಾಂಚ್ ಸಮಾಧಿಗೆ ಕಲ್ಲು ಹಾಕಿಸಲಿಲ್ಲ. ಲಂಡನ್ನಿನ ಪಟ್ನಿ ವೇಲ್ ಸ್ಮಶಾನದಲ್ಲಿ ದಶಕಗಟ್ಟಲೆ ಆ ಜಾಗಕ್ಕೆ ಹೆಸರೇ ಇರಲಿಲ್ಲ. ಪ್ರತಿಮೆಗಳನ್ನು ನೋಡಿ ಬದುಕು ಕಟ್ಟಿಕೊಂಡೆ ಅಂದವನಿಗೆ ಕಲ್ಲು ಸಿಕ್ಕಿದ್ದು ಬಹಳ ತಡವಾಗಿ, ಅದೂ ಬೇರೆಯವರ ಕಾಳಜಿಯಿಂದ.

ಆತನ ಮೈ ಸುಳ್ಳಾಗಿರಲಿಲ್ಲ. ಆತ ಮಾರಿದ ಡಂಬಲ್ ಕೂಡ ಕೆಟ್ಟದ್ದಲ್ಲ. ಎರಡರ ನಡುವೆ ಆತ ಎಳೆದ ಗೆರೆ ಮಾತ್ರ ಸುಳ್ಳು. ಆ ಗೆರೆ ಇವತ್ತೂ ಎಳೆಯಲಾಗುತ್ತಿದೆ. ಹತ್ತು ವರ್ಷ ರಾಡ್ ಎತ್ತಿ ಎದೆ ಕಟ್ಟಿದವರು ಎಲಾಸ್ಟಿಕ್ ಬ್ಯಾಂಡ್ ಹಿಡಿದು ರೀಲ್ ಮಾಡ್ತಾರೆ. ಬೇರೇನೋ ಚುಚ್ಚಿಕೊಂಡು ಬೆಳೆದವರು ಪ್ರೋಟೀನ್ ಡಬ್ಬಿ ಹಿಡಿದು ನಗ್ತಾರೆ. ಇಪ್ಪತ್ತರ ಹುಡುಗ ತನ್ನ ಮೊದಲ ಸಂಬಳದಲ್ಲಿ ಅದನ್ನು ಕೊಳ್ಳುತ್ತಾನೆ. ಆರು ತಿಂಗಳಾದ ಮೇಲೆ ಎದೆ ಬೆಳೆಯದಿದ್ದರೆ ದೋಷ ತನ್ನ ಮೈಯದ್ದೇ ಅಂದುಕೊಳ್ಳುತ್ತಾನೆ. ನಷ್ಟ ಆಗೋದು ದುಡ್ಡಿನದ್ದಷ್ಟೇ ಅಲ್ಲ.

ಹಾಗಾಗಿ ಸೋಮವಾರ ಬೆಂಚಿನ ಹತ್ತಿರ ಯಾರಾದರೂ ಡಂಬಲ್ಲೋ ರಾಡೋ ಅಂತ ಕೇಳಿದರೆ ವಾದಕ್ಕೆ ಇಳಿಯಬೇಡಿ. ಜೊತೆಗೆ ಯಾರೂ ಇಲ್ಲವಾ, ಭುಜ ನೋಯುತ್ತಾ? ಡಂಬಲ್ಸ್ ತಗೊಳ್ಳಿ. ಪಕ್ಕದಲ್ಲಿ ನಂಬಿಕಸ್ಥರು ಇದ್ದಾರಾ, ತಿಂಗಳು ತಿಂಗಳು ಭಾರ ಏರಿಸುವ ಮನಸ್ಸಿದೆಯಾ? ರಾಡ್ ತಗೊಳ್ಳಿ. ಎರಡೂ ಇದ್ದರೆ ಮೊದಲು ರಾಡ್, ಆಮೇಲೆ ಡಂಬಲ್. ಎದೆಗೆ ಗೊತ್ತಾಗೋದು ಕಬ್ಬಿಣದ ಹೆಸರಲ್ಲ. ಹೋದ ತಿಂಗಳಿಗಿಂತ ಈ ತಿಂಗಳು ಸ್ವಲ್ಪ ಹೆಚ್ಚು ಕೆಲಸ ಬಂತಾ ಇಲ್ಲವಾ ಅನ್ನೋದಷ್ಟೇ ಅದಕ್ಕೆ ಗೊತ್ತಾಗೋದು. ಅಟಿಲಾ ತನ್ನ ಶಿಷ್ಯನಿಗೆ ಕಲಿಸಿದ್ದೂ ಅದನ್ನೇ. ಶಿಷ್ಯ ಅದನ್ನು ಮೈಯಲ್ಲಿ ಇಟ್ಟುಕೊಂಡ, ಜಾಹೀರಾತಿಗೆ ಮಾತ್ರ ಹಾಕಲಿಲ್ಲ.